ಗಂಗೂಬಾಯಿ ಅಜ್ಜಿಯ ಮೂರು ಊರು

ಧಾರವಾಡದ ಶುಕ್ರವಾರಪೇಟೆ ಪ್ರವಾಸಿಗಳ ಹಾದಿಗೆ ಬೀಳುವ ಓಣಿಯಲ್ಲ. ಪೇಢೆ ಕೊಳ್ಳಲು ಬಂದವರು ಲೈನ್ ಬಜಾರಿನಿಂದಲೇ ಹಿಂದಿರುಗುತ್ತಾರೆ. ಸಾಹಿತ್ಯದ ಗುಂಗಿನವರು ಸಾಧನಕೇರಿಗೆ ಹೋಗಿ ಬೇಂದ್ರೆಯವರ ಮನೆ ನೋಡುತ್ತಾರೆ. ಸಂಗೀತದವರಾದರೆ ಮಲ್ಲಿಕಾರ್ಜುನ ಮನಸೂರರ 'ಮೃತ್ಯುಂಜಯ'ದ ಅಂಗಳದಲ್ಲಿ ಒಂದಿಷ್ಟು ಹೊತ್ತು ನಿಲ್ಲುತ್ತಾರೆ. ಹಳೆಯ ಪೇಟೆಯ ಇಕ್ಕಟ್ಟಿನಲ್ಲಿರುವ ಈ ಓಣಿಗೆ ಬೇಕೆಂದೇ ಬರಬೇಕು, ವಿಳಾಸ ಕೇಳಿಕೊಂಡೇ ಬರಬೇಕು. ಇಲ್ಲಿನ ಒಂದು ಮನೆಯಲ್ಲಿ 1913ರ ಮಾರ್ಚ್ 5ರಂದು ಹುಟ್ಟಿದ ಹೆಣ್ಣುಮಗಳು ಮುಂದೆ ಗಂಗೂಬಾಯಿ ಹಾನಗಲ್ ಆದರು. ತೊಂಬತ್ತಾರು ವರ್ಷ ಬದುಕಿದರು. ಕೊನೆಯ ದಶಕಗಳಲ್ಲಿ ಹುಬ್ಬಳ್ಳಿ-ಧಾರವಾಡದ ಪಾಲಿಗೆ ಅವರು ದೊಡ್ಡ ಗಾಯಕಿ ಎನ್ನುವುದಕ್ಕಿಂತ ಹೆಚ್ಚಾಗಿ ಮನೆಯ ಹಿರಿಯ ಅಜ್ಜಿಯಂತಿದ್ದರು. ಹಣೆಯ ಮೇಲೆ ಕುಂಕುಮ, ಭುಜದ ತುಂಬ ಹೊದ್ದ ಸೆರಗು, ಪುಟ್ಟ ದೇಹ, ಆ ದೇಹದೊಳಗಿಂದ ಬರುತ್ತಿದ್ದ ಗುಡುಗಿನಂಥ ದನಿ.

ಈ ಅಜ್ಜಿಯ ಬದುಕನ್ನು ತಿಳಿಯಲು ಪುಸ್ತಕಗಳಿವೆ. 'ನನ್ನ ಬದುಕಿನ ಹಾಡು' ಎಂಬ ಅವರ ಆತ್ಮಕಥೆಯೂ ಇದೆ. ಆದರೆ ಊರುಗಳ ಮೂಲಕ ತಿಳಿಯುವ ದಾರಿಯೊಂದಿದೆ, ಅದು ಉದ್ದದ ದಾರಿಯೇನೂ ಅಲ್ಲ. ಧಾರವಾಡ, ಹುಬ್ಬಳ್ಳಿ, ಕುಂದಗೋಳ. ಮುಂಜಾನೆ ಹೊರಟರೆ ಸಂಜೆಯೊಳಗೆ ಮೂರನ್ನೂ ನೋಡಿ ಬರಬಹುದು.

ಶುಕ್ರವಾರಪೇಟೆಯ ಮನೆ ಹಾಡುವ ಹೆಂಗಸರ ಮನೆ. ಅಜ್ಜಿ ಕಮಲಾಬಾಯಿ ಹಾಡುತ್ತಿದ್ದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಪಳಗಿದವರು. ತಂದೆ ಚಿಕ್ಕೂರಾವ್ ನಾಡಿಗೇರ ಒಕ್ಕಲುತನದವರು. ಮಿರಜದಿಂದ ಮೈಸೂರಿನ ಕಡೆಗೆ ಹೊರಟ ದೊಡ್ಡ ದೊಡ್ಡ ಗವಾಯಿಗಳು ರೈಲಿನಲ್ಲಿ ಈ ದಾರಿಯಾಗಿ ಹೋಗುವಾಗ ಧಾರವಾಡ, ಹುಬ್ಬಳ್ಳಿಗಳಲ್ಲಿ ಇಳಿದು ನಾಲ್ಕು ದಿನ ಉಳಿಯುವುದಿತ್ತು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಅಂಬಾಬಾಯಿಯ ಹಾಡು ಕೇಳಲೆಂದೇ ಈ ಮನೆಗೆ ಬರುತ್ತಿದ್ದರಂತೆ. ಅವರ ಹಾಡಿಕೆ ಕೇಳಿದಾಗ ಖಾನ್ ಸಾಹೇಬರಿಗೆ ತಾವು ತಂಜಾವೂರಿನಲ್ಲೇ ಕುಳಿತಂತೆ ಅನಿಸುತ್ತಿತ್ತು ಎಂದು ಗಂಗೂಬಾಯಿ ನೆನೆಸಿಕೊಳ್ಳುತ್ತಿದ್ದರು. ಉತ್ತರದ ಉಸ್ತಾದರೊಬ್ಬರು ದಕ್ಷಿಣದ ಕೃತಿಗಳನ್ನು ಕೇಳಲು ಕನ್ನಡದ ಹೆಣ್ಣುಮಗಳ ಪಡಸಾಲೆಗೆ ಬಂದು ಕೂರುವುದು, ಪಕ್ಕದಲ್ಲೇ ಚಿಕ್ಕ ಹುಡುಗಿಯೊಬ್ಬಳು ಕಣ್ಣರಳಿಸಿ ನೋಡುವುದು! ಹಿಂದುಸ್ತಾನಿ ಸಂಗೀತ ಕನ್ನಡ ನೆಲದಲ್ಲಿ ಹೇಗೆ ಬೇರುಬಿಟ್ಟಿತು ಎಂದು ಕೇಳುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು.

ಆ ಪ್ರಶ್ನೆಗೆ ಇನ್ನೂ ಎರಡು ಮಾತಿನ ಉತ್ತರ ಸೇರಿಸಬೇಕು. 1956ರಲ್ಲಿ ಕರ್ನಾಟಕ ಒಂದಾಗುವವರೆಗೆ ಧಾರವಾಡ ಮುಂಬಯಿ ಆಡಳಿತಕ್ಕೆ ಸೇರಿತ್ತು. ಮರಾಠಿ ನಾಟಕ ಕಂಪನಿಗಳು ಇಲ್ಲಿಗೆ ಬರುತ್ತಿದ್ದವು, ಇಲ್ಲಿನ ಹುಡುಗರು ಆ ಕಂಪನಿಗಳನ್ನು ಸೇರುತ್ತಿದ್ದರು. ನಾಟ್ಯಗೀತದ ಬೆನ್ನುಹತ್ತಿ ಖಯಾಲೂ ಬಂತು. ಪುಣೆ, ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಎಂದು ರೈಲುಹಳಿ ಒಂದೇ ದಾರದಲ್ಲಿ ಪೋಣಿಸಿದ ಊರುಗಳಲ್ಲಿ ಸಂಗೀತವೂ ಅದೇ ದಾರದಲ್ಲಿ ಓಡಾಡಿತು.

ಆದರೆ ಪಡಸಾಲೆಯೊಳಗೆ ಉಸ್ತಾದರಿಂದ ಸಿಗುತ್ತಿದ್ದ ಮರ್ಯಾದೆ ಹೊಸ್ತಿಲ ಹೊರಗೆ ಇರಲಿಲ್ಲ. ಹಾಡುವ ಹೆಂಗಸರ ಮನೆತನ ಎಂದರೆ ಆ ಕಾಲದ ಸಮಾಜ ಮೂಗು ಮುರಿಯುತ್ತಿತ್ತು. ಹುಡುಗಿ ಬೀದಿಯಲ್ಲಿ ಹೊರಟರೆ 'ಗಾಣೆವಾಲಿ' ಎಂದು ಹಿಂದಿನಿಂದ ಕೂಗುವವರಿದ್ದರು. ನೆರೆಯ ಶ್ರೀಮಂತ ಬ್ರಾಹ್ಮಣರ ತೋಟಕ್ಕೆ ನುಗ್ಗಿ ಮಾವಿನಕಾಯಿ ಕದ್ದ ಪ್ರಸಂಗವನ್ನು ಗಂಗೂಬಾಯಿ ಎಷ್ಟೋ ಸಲ ಹೇಳಿದ್ದುಂಟು. ಮಾಲೀಕರಿಗೆ ಸಿಟ್ಟು ಬಂದದ್ದು ಕಾಯಿ ಕದ್ದದ್ದಕ್ಕಲ್ಲ, ಹಾಡುವವಳ ಮಗಳು ತಮ್ಮ ತೋಟದೊಳಗೆ ಕಾಲಿಟ್ಟಳೆಂದು. ಮುಂದೆ ಅಂಥವರೇ ತಮ್ಮನ್ನು ಮನೆಗೆ ಕರೆದು ಊಟಕ್ಕೆ ಬಡಿಸಿದರೆಂಬುದನ್ನೂ ಅವರು ಸೇರಿಸುತ್ತಿದ್ದರು. ಹೇಳುವಾಗ ಅವರ ದನಿಯಲ್ಲಿ ಕಹಿಗಿಂತ ನಗೆಯೇ ಹೆಚ್ಚಿತ್ತು ಎಂದು ಕೇಳಿದವರು ಬರೆದಿದ್ದಾರೆ. ನಕ್ಕು ಹೇಳಿದರೆಂದು ಮಾತು ಸಣ್ಣದಾಗುವುದಿಲ್ಲ.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಸ್ವಾಗತ ಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಗಂಗೂ ಕೂಡ ಇದ್ದಳು. ಗಾಂಧೀಜಿಯ ಎದುರು ಹಾಡುವ ಅಳುಕಿಗಿಂತ ದೊಡ್ಡ ಅಳುಕೊಂದು ಆ ಹುಡುಗಿಯ ಮನಸ್ಸಿನಲ್ಲಿತ್ತು. ಊಟಕ್ಕೆ ತನ್ನನ್ನು ಎಲ್ಲಿ ಕೂರಿಸುತ್ತಾರೋ, ಎಲ್ಲರದೂ ಮುಗಿದ ಮೇಲೆ ಎಲೆ ತೆಗೆದು ನೆಲ ಸಾರಿಸಲು ಹೇಳುತ್ತಾರೋ ಎಂಬ ಅಳುಕು. ಸ್ವರಾಜ್ಯದ ಚಪ್ಪರದ ಕೆಳಗೆ ನಿಂತ ಒಂದು ಮಗು ಏನನ್ನು ಯೋಚಿಸುತ್ತಿತ್ತು ಎಂಬುದನ್ನು ಇತಿಹಾಸದ ಪಾಠದಲ್ಲಿ ಯಾರೂ ಹೇಳುವುದಿಲ್ಲ.

ಶಾಲೆಯ ಓದು ಪ್ರಾಥಮಿಕ ತರಗತಿಗಳಲ್ಲೇ ನಿಂತಿತು. ಕಿವಿಯ ಓದು ಮಾತ್ರ ನಿಲ್ಲಲಿಲ್ಲ. ಎಲ್ಲಿಯಾದರೂ ಗ್ರಾಮಫೋನ್ ದನಿ ಕೇಳಿದರೆ ಹುಡುಗಿ ಬೀದಿಗೆ ಓಡುತ್ತಿದ್ದಳು. ಕೇಳಿದ್ದನ್ನು ಹಾಗೆಯೇ ಗುನುಗುತ್ತಿದ್ದಳು. ಅಬ್ದುಲ್ ಕರೀಂ ಖಾನರ ಮಗಳು ಹೀರಾಬಾಯಿ ಬಡೋದೇಕರರ ಹಾಡಿಕೆಯೆಂದರೆ ಪ್ರಾಣ. ತಾಯಿಯ ಕರ್ನಾಟಕ ಪದ್ಧತಿಗಿಂತ ಈ ಪದ್ಧತಿ ಮಗಳ ಗಂಟಲಿಗೆ ಒಲಿಯುತ್ತಿದೆ ಎಂಬುದು ಅಂಬಾಬಾಯಿಗೆ ತಿಳಿಯಿತು. ತಾನು ಬಲ್ಲ ವಿದ್ಯೆಯನ್ನೇ ಮಗಳಿಗೂ ದಾಟಿಸಬೇಕೆಂಬ ಆಸೆ ಯಾವ ತಾಯಿಗಿಲ್ಲ? ಅಂಬಾಬಾಯಿ ಆ ಆಸೆಯನ್ನು ಬದಿಗಿಟ್ಟರು. 1928ರಲ್ಲಿ ಮಗಳ ತಾಲೀಮಿಗಾಗಿ ಸಂಸಾರ ಸಮೇತ ಹುಬ್ಬಳ್ಳಿಗೆ ಬಂದು ನೆಲೆಸಿದರು.

ಅವರು ಬಂದ ದಾರಿಯಲ್ಲಿ ಈಗ 'ಚಿಗರಿ' ಬಸ್ಸುಗಳು ಓಡುತ್ತವೆ. 2020ರಲ್ಲಿ ಅಧಿಕೃತವಾಗಿ ಉದ್ಘಾಟನೆಯಾದ ಈ ತ್ವರಿತ ಬಸ್ ವ್ಯವಸ್ಥೆಗೆ ರಸ್ತೆಯ ನಡುವೆ ಪ್ರತ್ಯೇಕ ಪಥವಿದೆ. ಎರಡು ಊರುಗಳ ನಡುವಿನ ಅಂತರ ಸುಮಾರು ಇಪ್ಪತ್ತು ಕಿಲೋಮೀಟರು. ಒಂದೇ ಮಹಾನಗರಪಾಲಿಕೆಯಾಗಿ 1962ರಿಂದ ಒಟ್ಟಿಗಿದ್ದರೂ ಎರಡರ ಸ್ವಭಾವ ಬೇರೆಯೇ. ಧಾರವಾಡದ್ದು ಮಲೆನಾಡ ಸೆರಗು, ಮಳೆ, ಮೇಷ್ಟರು, ಕವಿಗಳು. ಹುಬ್ಬಳ್ಳಿಯದು ವ್ಯಾಪಾರ, ಹತ್ತಿ, ರೈಲು, ಧೂಳು. ನಡುವೆ ನವಲೂರು ಬರುತ್ತದೆ. ಪೇರಲ ಹಣ್ಣಿನ ಕಾಲದಲ್ಲಿ ರಸ್ತೆ ಬದಿಗೆ ಬುಟ್ಟಿಗಳು ಸಾಲಾಗಿ ಕೂರುವ ಊರು. ಆಮೇಲೆ ಉಣಕಲ್. ಕೆರೆ ಕಂಡರೆ ಹುಬ್ಬಳ್ಳಿ ಬಂತೆಂದೇ ಅರ್ಥ. ಇಲ್ಲಿನ ಚಂದ್ರಮೌಳೇಶ್ವರ ಗುಡಿ ಚಾಲುಕ್ಯರ ಕಾಲದ್ದು, ಮಕ್ಕಳಿಗೆ ತೋರಿಸಬೇಕಾದದ್ದು. ಬಸ್ಸಿನಲ್ಲಿ ಕೂತವರು ಮಾತ್ರ ಇಳಿಯುವುದು ಅಪರೂಪ.

ಹುಬ್ಬಳ್ಳಿಯಲ್ಲಿ ಗಂಗೂಬಾಯಿಯ ಮೊದಲ ಪಾಠ ಕೃಷ್ಣಾಚಾರ್ಯ ಹುಲಗೂರ ಅವರಲ್ಲಿ. ಒಂದು ವರ್ಷದಲ್ಲಿ ಅರವತ್ತು ಚೀಜುಗಳು ಬಾಯಿಪಾಠವಾದವು. ಆಮೇಲೆ ಸಂಬಳದ ವಿಷಯಕ್ಕೆ ಮನಸ್ತಾಪ ಬಂದು ಪಾಠ ನಿಂತಿತು. ಅನಂತರ ದತ್ತೋಪಂತ ದೇಸಾಯರಲ್ಲಿ ಕಲಿಕೆ ನಡೆಯಿತು. ಇಲ್ಲಿಯೇ ಅಂಬಾಬಾಯಿ ಇನ್ನೊಂದು ನಿರ್ಧಾರ ಮಾಡಿದರು. ಮನೆಯಲ್ಲಿ ತಾವು ಹಾಡಿದರೆ ಕರ್ನಾಟಕ ಪದ್ಧತಿಯ ನೆರಳು ಮಗಳ ಗಾಯನದ ಮೇಲೆ ಬಿದ್ದೀತೆಂದು ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು. ಉಸ್ತಾದರನ್ನು ಮನೆ ಬಾಗಿಲಿಗೆ ತಂದ ಕಂಠ ಅದು. ಅದು ಸುಮ್ಮನಾಯಿತು. ಮಗಳಿಗಾಗಿ ಒಡವೆ ಮಾರಿದ ತಾಯಂದಿರ, ಹೊಲ ಮಾರಿದ ತಂದೆಯರ ಕತೆಗಳು ಈ ನಾಡಿನಲ್ಲಿ ಬೇಕಾದಷ್ಟಿವೆ. ಬಾಯಿಗೆ ಬಂದ ರಾಗವನ್ನು ಬಾಯಲ್ಲೇ ತಡೆದುಕೊಂಡ ತಾಯಿ ಎಲ್ಲಿ ಸಿಗುತ್ತಾರೆ? ಅದಕ್ಕೆ ಪ್ರತಿಫಲ ಕಣ್ಣಾರೆ ಕಾಣುವ ಭಾಗ್ಯವೂ ಅವರಿಗಿರಲಿಲ್ಲ. ನಾಲ್ಕೇ ವರ್ಷಕ್ಕೆ, 1932ರಲ್ಲಿ, ಅಂಬಾಬಾಯಿ ತೀರಿಕೊಂಡರು. ಮಗಳಿಗೆ ಆಗಿನ್ನೂ ಹತ್ತೊಂಬತ್ತು.

ಅಷ್ಟರಲ್ಲಿ ಮಗಳು ತಾನೂ ತಾಯಿಯಾಗಿದ್ದಳು. ಹದಿನಾರನೆಯ ವಯಸ್ಸಿಗೆ ವಕೀಲ ಗುರುರಾವ್ ಕೌಲಗಿಯವರ ಕೈಹಿಡಿದಿದ್ದರು. ಕೃಷ್ಣಾ ಎಂಬ ಮಗಳು, ನಾರಾಯಣ, ಬಾಬು ಎಂಬ ಇಬ್ಬರು ಗಂಡುಮಕ್ಕಳು. ಸಂಸಾರದ ಭಾರ ಬಹುಪಾಲು ಹಾಡಿನ ಮೇಲೆಯೇ ಬಿತ್ತು. ಮುಂಬಯಿಗೆ ಹೋಗಿ ಎಚ್‌ಎಂವಿ ಕಂಪನಿಗೆ ಧ್ವನಿಮುದ್ರಿಕೆ ಕೊಟ್ಟರು. ಆ ಮೊದಮೊದಲ ತಟ್ಟೆಗಳ ಮೇಲೆ ಅಚ್ಚಾದ ಹೆಸರು 'ಗಾಂಧಾರಿ'. ಹಾನಗಲ್ ಎಂಬುದು ಹಿರಿಯರ ಊರು. ಈಗಿನ ಹಾವೇರಿ ಜಿಲ್ಲೆಯ ಆ ಊರಿನ ಹೆಸರು ಹೀಗೆ ಜಗತ್ತಿನ ಕಿವಿಗೆ ಬಿತ್ತು. ಹಾಡು ಎಂದರೆ ಆಗ ಅವರಿಗೆ ಕಲೆ, ಪೂಜೆ ಎಲ್ಲಕ್ಕಿಂತ ಮೊದಲು ಕೆಲಸ. ತಿಂಗಳ ಕೊನೆಗೆ ಕಿರಾಣಿ ಅಂಗಡಿಯ ಲೆಕ್ಕ ಚುಕ್ತಾ ಮಾಡುವ ಕೆಲಸ. ಆ ಮಾತನ್ನು ಮರೆತು ಅವರನ್ನು ಬರೀ ಸರಸ್ವತಿ ಎಂದು ಹೊಗಳುವವರು ಅವರ ದುಡಿಮೆಯನ್ನು ಕಡಿಮೆ ಮಾಡಿದಂತೆಯೇ ಸರಿ.

ಇನ್ನು ಮೂರನೆಯ ಊರು. ಹುಬ್ಬಳ್ಳಿಯ ರೈಲು ನಿಲ್ದಾಣಕ್ಕೆ 2020ರಿಂದ ಸಿದ್ಧಾರೂಢ ಸ್ವಾಮಿಗಳ ಹೆಸರಿದೆ. ಹಳೆ ಹುಬ್ಬಳ್ಳಿಯ ಮಠದಲ್ಲಿ ಜಾತಿಮತ ನೋಡದೆ ಎಲ್ಲರನ್ನೂ ಕೂಡಿಸಿಕೊಂಡ ಆ ಸ್ವಾಮಿಗಳು ಸಮಾಧಿಯಾದದ್ದು 1929ರಲ್ಲಿ, ಅಂಬಾಬಾಯಿಯ ಸಂಸಾರ ಹುಬ್ಬಳ್ಳಿಗೆ ಬಂದ ಮರುವರ್ಷ. ನಿಲ್ದಾಣದಲ್ಲಿ ಈಗ 1,507 ಮೀಟರು ಉದ್ದದ ಪ್ಲಾಟ್‌ಫಾರ್ಮ್ ಇದೆ. ಜಗತ್ತಿನಲ್ಲೇ ಅತಿ ಉದ್ದದ್ದೆಂದು 2023ರಲ್ಲಿ ಉದ್ಘಾಟನೆಯಾಯಿತು. ಈ ತುದಿಯಿಂದ ಆ ತುದಿಗೆ ಸಾಮಾನು ಹೊತ್ತು ನಡೆಯಬೇಕಾದವರು ದಾಖಲೆಯ ಬಗ್ಗೆ ಏನೆನ್ನುತ್ತಾರೋ ಬೇರೆ ಮಾತು. ಇಲ್ಲಿಂದ ಹಾವೇರಿ, ದಾವಣಗೆರೆ ಕಡೆಗೆ ಹೋಗುವ ಹಳಿಯ ಮೇಲೆ ಕುಂದಗೋಳ ಸಿಗುತ್ತದೆ. ಪ್ಯಾಸೆಂಜರ್ ಗಾಡಿಯಲ್ಲಿ ಕಿಟಕಿ ಪಕ್ಕ ಕೂತರೆ ಎರಡೂ ಬದಿಗೆ ಎರೆಹೊಲ. ಮಳೆಯ ಮೇಲೆ ಮಸಿಯಂತೆ ಕಪ್ಪು, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಹತ್ತಿ, ಮೆಣಸಿನಕಾಯಿ, ಶೇಂಗಾ. ಕಣ್ಣು ಚಾಚಿದಷ್ಟು ದೂರ ಅಡ್ಡವೇ ಇಲ್ಲದ ಬಯಲು.

ಕುಂದಗೋಳದಲ್ಲಿ ಇದ್ದವರು ರಾಂಭಾವು ಕುಂದಗೋಳಕರ. ಮರಾಠಿ ರಂಗಭೂಮಿ ಅವರಿಗೆ 'ಸವಾಯಿ ಗಂಧರ್ವ' ಎಂಬ ಬಿರುದು ಕೊಟ್ಟು ಮೆರೆಸಿತ್ತು. ಅಬ್ದುಲ್ ಕರೀಂ ಖಾನರ ಶಿಷ್ಯರು. ನಾಟಕ ಕಂಪನಿಗಳ ತಿರುಗಾಟ ಇದ್ದಷ್ಟು ದಿನ ಗಂಗೂಬಾಯಿಗೆ ಪಾಠ ಸಿಗುತ್ತಿದ್ದದ್ದು ಅಲ್ಲೊಂದು ಇಲ್ಲೊಂದು. 1930ರ ದಶಕದ ಕೊನೆಗೆ ಗುರುಗಳು ಕುಂದಗೋಳಕ್ಕೆ ಬಂದು ನಿಂತ ಮೇಲೆ ನಿಜವಾದ ತಾಲೀಮು ಶುರುವಾಯಿತು. ಗುರುಗಳು ಹುಬ್ಬಳ್ಳಿಗೆ ಬರುವಂತಿರಲಿಲ್ಲ. ಮೂರು ಮಕ್ಕಳ ತಾಯಿ ಸಂಸಾರ ಬಿಟ್ಟು ಕುಂದಗೋಳದಲ್ಲಿ ಉಳಿಯುವಂತಿರಲಿಲ್ಲ. ಉಳಿದದ್ದು ರೈಲು. ಸುಮಾರು ಮೂರು ವರ್ಷ ಹೀಗೆ ಗಾಡಿ ಹಿಡಿದು ಹೋಗಿ, ಪಾಠ ಮುಗಿಸಿ, ಮತ್ತೆ ಗಾಡಿ ಹಿಡಿದು ಬರುವುದು ನಡೆಯಿತು. ಮನೆಯ ಒಲೆ, ಮಕ್ಕಳ ಊಟ, ಆಮೇಲೆ ನಿಲ್ದಾಣ.

ಅದೇ ಹೊತ್ತಿಗೆ ಗದಗಿನ ಕಡೆಯ ಹುಡುಗನೊಬ್ಬ ಗುರುವನ್ನು ಹುಡುಕುತ್ತ ಮನೆಬಿಟ್ಟು ಹೋಗಿ, ಉತ್ತರ ಭಾರತ ಸುತ್ತಿ ಬಂದು, ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯಲ್ಲಿದ್ದ. ಗುರುವಿನ ಮನೆಗೆ ನೀರು ಹೊರುವುದು, ಹೇಳಿದ ಕೆಲಸ ಮಾಡುವುದು, ಸಮಯ ಸಿಕ್ಕಾಗ ಕಲಿಯುವುದು. ಗಂಗೂಬಾಯಿಗಿಂತ ಒಂಬತ್ತು ವರ್ಷ ಕಿರಿಯ. ಹೆಸರು ಭೀಮಸೇನ ಜೋಶಿ. ಕತ್ತಲಾದ ಮೇಲೆ ಗಂಗೂಬಾಯಿಯನ್ನು ನಿಲ್ದಾಣದವರೆಗೆ ಕಂದೀಲು ಹಿಡಿದು ಕಳಿಸಿಬರುವ ಕೆಲಸ ಈ ಗುರುಬಂಧುವಿನದು. ಮುಂದೆ ಭಾರತರತ್ನ ಪಡೆದ ಕಂಠವೊಂದು, ಪದ್ಮವಿಭೂಷಣ ಪಡೆದ ಕಂಠವೊಂದು, ಕುಂದಗೋಳದ ಕಾಲುಹಾದಿಯಲ್ಲಿ ಒಂದೇ ಕಂದೀಲಿನ ಬೆಳಕಿನಲ್ಲಿ ನಡೆದುಹೋದವು.

ಅಲ್ಲಿ ಕಲಿಸುತ್ತಿದ್ದದ್ದಾದರೂ ಏನು? ಇದು ಇಂದಿನ ತಂದೆತಾಯಿಗಳಿಗೆ ಸ್ವಲ್ಪ ಕಸಿವಿಸಿಯ ಸಂಗತಿ. ಒಂದು ಸ್ವರಗುಚ್ಛವನ್ನು ಗುರುಗಳು ಹೇಳಿಕೊಟ್ಟರೆ ಅದನ್ನೇ ಗಂಟೆಗಟ್ಟಲೆ, ದಿನಗಟ್ಟಲೆ ಹಾಡಬೇಕು. ಸರಿ ಬಂತು ಎಂದು ಗುರುಗಳಿಗೆ ಅನಿಸುವವರೆಗೆ ಮುಂದಿನದು ಇಲ್ಲ. ಇಂಥ ತಿಂಗಳಿಗೆ ಇಷ್ಟು ರಾಗ, ಇಂಥ ವರ್ಷಕ್ಕೆ ಇಂಥ ಪರೀಕ್ಷೆ ಎಂಬ ಲೆಕ್ಕವೇ ಇಲ್ಲ. ಹುಲಗೂರ ಅವರಲ್ಲಿ ಒಂದು ವರ್ಷಕ್ಕೆ ಅರವತ್ತು ಚೀಜು ಕಲಿತ ಹುಡುಗಿ ಇಲ್ಲಿ ಕೆಲವೇ ರಾಗಗಳಿಗೆ ವರ್ಷಗಳನ್ನು ಕೊಟ್ಟರು. ಜಿಪುಣ ದುಡ್ಡನ್ನು ಎಣಿಸಿ ಎಣಿಸಿ ಖರ್ಚು ಮಾಡುವ ಹಾಗೆ ಸ್ವರಗಳನ್ನು ಖರ್ಚು ಮಾಡಬೇಕು ಎಂಬುದು ಗುರುಗಳು ಕಲಿಸಿದ ರೀತಿ ಎಂದು ಗಂಗೂಬಾಯಿ ಹೇಳುತ್ತಿದ್ದರು. ಅವರ ವಿಲಂಬಿತ ಕೇಳಿದವರಿಗೆ ಇದರ ಅರ್ಥ ಕೂಡಲೇ ಆಗುತ್ತದೆ. ಷಡ್ಜದ ಮೇಲೆ ನಿಂತರೆ ನಿಂತೇ ಇರುತ್ತಾರೆ. ರಿಷಭಕ್ಕೆ ಕಾಲಿಡುವ ಮುನ್ನ ಕೇಳುವವನ ಪ್ರಾಣ ಹೋಗಿ ಬರುತ್ತದೆ. ಭೈರವ, ಆಸಾವರಿ, ತೋಡಿ, ಭೀಮಪಲಾಸಿ, ಪೂರಿಯಾ, ಮಾರವಾ, ಕೇದಾರ. ಈ ರಾಗಗಳನ್ನು ಅವರು ಜೀವನವಿಡೀ ಹಾಡಿದರು. ಮೊದಮೊದಲು ಠುಮರಿ, ಭಜನೆಗಳನ್ನೂ ಹಾಡುತ್ತಿದ್ದವರು ಅನಂತರ ಅವನ್ನೆಲ್ಲ ಬಿಟ್ಟು ಖಯಾಲಿಗೇ ನಿಂತರು.

ಕುಂದಗೋಳಕ್ಕೆ ಹೋದವರು ನಾಡಗೀರ ವಾಡೆಯನ್ನು ನೋಡದೆ ಬರಬಾರದು. ಸಂಗೀತಗಾರರಿಗೆ ಆಶ್ರಯ ಕೊಟ್ಟ ಮನೆತನದ ವಾಡೆ ಇದು. ಅಬ್ದುಲ್ ಕರೀಂ ಖಾನರು ಇಲ್ಲಿ ಬಂದು ಇರುತ್ತಿದ್ದುದರಿಂದಲೇ ರಾಂಭಾವು ಎಂಬ ಊರಿನ ಹುಡುಗ ಅವರ ಕಣ್ಣಿಗೆ ಬಿದ್ದದ್ದು. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಅವರ ನೆನಪಿನಲ್ಲಿ ಇದೇ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆಯುವ ಪರಂಪರೆ ಬೆಳೆಯಿತು. ದೊಡ್ಡ ಊರಿನ ಸಭಾಂಗಣಗಳಲ್ಲಿ ಹೆಸರು ಮಾಡಿದ ಮೇಲೂ ಗಂಗೂಬಾಯಿ ಇಲ್ಲಿಗೆ ಬರುವುದನ್ನು ಬಿಡಲಿಲ್ಲ. ಹತ್ತಿರದಲ್ಲೇ ಶಂಭುಲಿಂಗನ ಪುರಾತನ ಗುಡಿಯೂ ಇದೆ.

ಗಂಗೂಬಾಯಿಯ ಭಕ್ತಿಯನ್ನು ಹುಡುಕುವವರು ಗುಡಿಗಿಂತ ಮೊದಲು ಈ ವಾಡೆಯ ಕಂಬಗಳ ನಡುವೆ ಹುಡುಕಬೇಕು. ಅವರ ಗುರು ಬ್ರಾಹ್ಮಣರು. ಗುರುವಿನ ಗುರು ಮುಸಲ್ಮಾನರು. ಶಿಷ್ಯೆಯೋ, ಊಟದ ಪಂಕ್ತಿಯಲ್ಲಿ ತನ್ನ ಜಾಗ ಯಾವುದೆಂದು ಹೆದರುತ್ತ ಬೆಳೆದವರು. ತಂಬೂರಿಯ ಎದುರು ಈ ಮೂವರಿಗೂ ಒಂದೇ ಪಂಕ್ತಿ. ಅಬ್ದುಲ್ ಕರೀಂ ಖಾನರು 1937ರಲ್ಲಿ ಪ್ರಯಾಣದ ನಡುವೆ ದೇಹಾಲಸ್ಯವಾಗಿ ಮದರಾಸಿನ ಹತ್ತಿರದ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ದೇವರ ಸ್ಮರಣೆಯಲ್ಲಿ ಅಲ್ಲೇ ಪ್ರಾಣ ಬಿಟ್ಟರು. ವಿಷ್ಣುವಿನ ಹೆಸರಿನ ನಿಲ್ದಾಣದಲ್ಲಿ ಉಸ್ತಾದರೊಬ್ಬರ ಕೊನೆಯ ಪ್ರಾರ್ಥನೆ. ಇಂಥ ಮನೆತನದ ಶ್ರದ್ಧೆಯೇ ಗಂಗೂಬಾಯಿಗೆ ಬಂದ ಶ್ರದ್ಧೆ. ದಿನದ ರಿಯಾಜು ತಪ್ಪಿಸದಿರುವುದು ಅದರ ವ್ರತ, ಗುರುವಿನ ಊರಿಗೆ ಹೋಗಿ ಹಾಡಿಬರುವುದು ಅದರ ಯಾತ್ರೆ.

ನಡುಹರೆಯದಲ್ಲಿ ಒಂದು ಆಘಾತವೂ ಬಂತು. ಗಂಟಲಿನ ತೊಂದರೆಗೆ ಚಿಕಿತ್ಸೆ ಮಾಡಿಸಿದ ಮೇಲೆ ಅವರ ದನಿಯೇ ಬದಲಾಯಿತು. ಹಿಂದಿನ ತಟ್ಟೆಗಳಲ್ಲಿ ಕೇಳುವ ಗಾಂಧಾರಿಯ ದನಿ ಎಳೆಯದು, ಎತ್ತರದ್ದು. ಆಮೇಲಿನದು ಗಂಡಸಿನದೇ ಎಂದು ರೇಡಿಯೋ ಕೇಳುವವರು ಭಾವಿಸುವಷ್ಟು ಗಡುಸು. ಹಾಡಿಯೇ ಹೊಟ್ಟೆ ಹೊರೆಯುವ ಹೆಣ್ಣಿಗೆ ಗಂಟಲು ಕೈಕೊಟ್ಟರೆ ಏನು ಗತಿ? ಇನ್ನೊಬ್ಬರಾದರೆ ತಂಬೂರಿಗೆ ಗವುಸು ಹಾಕಿ ಗೋಡೆಗೆ ಒರಗಿಸುತ್ತಿದ್ದರೋ ಏನೋ. ಗಂಗೂಬಾಯಿ ಶ್ರುತಿಯನ್ನು ಇಳಿಸಿಕೊಂಡು, ಬಂದ ದನಿಯಲ್ಲೇ ಹೊಸದಾಗಿ ಸಾಧನೆಗೆ ಕೂತರು. ನಾಡು ಇಂದು 'ಗಂಗೂಬಾಯಿಯ ದನಿ' ಎಂದು ಗುರುತಿಸುವುದು ಆ ಎರಡನೆಯ ದನಿಯನ್ನು.

ಅವರ ಒಂದು ಮಾತು ಸಂಗೀತ ವಲಯದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದನಾಗುತ್ತಾನೆ, ಹಿಂದುವಾದರೆ ಪಂಡಿತನಾಗುತ್ತಾನೆ. ಕೇಸರಬಾಯಿ, ಮೋಗೂಬಾಯಿಯಂಥ ಹೆಂಗಸರು ಎಷ್ಟು ಹಾಡಿದರೂ ಬಾಯಿಗಳಾಗಿಯೇ ಉಳಿಯುತ್ತಾರೆ ಎಂಬ ಅರ್ಥದ ಮಾತು ಅದು. ಗಾಣೆವಾಲಿ ಎಂಬ ಕೂಗು ಕೇಳಿ ಬೆಳೆದವರ ಬಾಯಿಂದ ಬಂದದ್ದರಿಂದ ಅದಕ್ಕೆ ತೂಕ ಹೆಚ್ಚು.

ಕುಂದಗೋಳದಿಂದ ಮತ್ತೆ ಹುಬ್ಬಳ್ಳಿಗೆ ಬಂದರೆ ದೇಶಪಾಂಡೆ ನಗರ. ಗುರುವಿನ ಹೆಸರಿನ ಸವಾಯಿ ಗಂಧರ್ವ ಕಲಾಮಂದಿರ ಇಲ್ಲಿದೆ. ಶಿಷ್ಯೆಯ ಮನೆ 'ಗಂಗಾಲಹರಿ'ಯೂ ಇಲ್ಲೇ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಬಂದುಹೋಗುವ ಶಿಷ್ಯರು, ಊರೂರಿನಿಂದ ಕಾಣಲು ಬರುವವರು ಎಂದು ತುಂಬಿದ ಮನೆ. ತಬಲಾಕ್ಕೆ ತಮ್ಮ ಶೇಷಗಿರಿ ಹಾನಗಲ್. ಹಿಂದೆ ಕುಳಿತು ದನಿಗೂಡಿಸುವುದಕ್ಕೆ ಮಗಳು ಕೃಷ್ಣಾ. ಸ್ವತಂತ್ರವಾಗಿ ಕಛೇರಿ ನಡೆಸುವ ಯೋಗ್ಯತೆ ಇದ್ದ ಕೃಷ್ಣಾ ಹಾನಗಲ್ ಬದುಕಿನ ಬಹುಭಾಗವನ್ನು ತಾಯಿಯ ಬೆನ್ನ ಹಿಂದೆಯೇ ಕಳೆದರು. ತಾಯಿಗೆ ವಯಸ್ಸಾದಂತೆ, ಉಸಿರು ಸಾಲದೆ ಬಂದಲ್ಲಿ ಮಗಳ ದನಿ ಎತ್ತಿಕೊಳ್ಳುತ್ತಿತ್ತು. ತಾಯಿ ಬಿಟ್ಟ ಸ್ವರದಿಂದಲೇ ಮುಂದುವರಿದು, ಮತ್ತೆ ತಾಯಿಯ ಕೈಗೆ ಒಪ್ಪಿಸಿ ಹಿಂದೆ ಸರಿಯುತ್ತಿತ್ತು. ಅಂಬಾಬಾಯಿ ಮಗಳಿಗಾಗಿ ಸುಮ್ಮನಾದರು. ಕೃಷ್ಣಾ ತಾಯಿಗಾಗಿ ಹಿಂದೆ ಕೂತರು. ಈ ಮನೆತನದಲ್ಲಿ ಒಬ್ಬರು ಬೆಳಕಿಗೆ ಬರಲು ಇಬ್ಬರು ನೆರಳಿನಲ್ಲಿ ಉಳಿಯಬೇಕಾಯಿತು. ಪ್ರಶಸ್ತಿಗಳ ಪಟ್ಟಿಯಲ್ಲಿ ಆ ಲೆಕ್ಕ ಬರುವುದಿಲ್ಲ. ಪಟ್ಟಿಯೇನೋ ದೊಡ್ಡದಿದೆ. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ. ಪ್ರಾಥಮಿಕ ಶಾಲೆಗೇ ಓದು ಮುಗಿಸಿದವರ ಹೆಸರಿನ ಹಿಂದೆ ಗೌರವ ಡಾಕ್ಟರೇಟು ಸೇರಿತು.

ತೊಂಬತ್ತರ ಅಂಚಿನಲ್ಲಿ ಅಜ್ಜಿಗೆ ಅಸ್ಥಿಮಜ್ಜೆಯ ಕ್ಯಾನ್ಸರು ಬಂತು. ಅದನ್ನು ಗೆದ್ದು ಎದ್ದರು. ಆದರೆ ಮರುವರ್ಷ, 2004ರಲ್ಲಿ, ಎಪ್ಪತ್ತೈದರ ಮಗಳನ್ನು ಅದೇ ರೋಗ ಕೊಂಡೊಯ್ದಿತು. ಅರ್ಧ ಶತಮಾನಕ್ಕೂ ಮೀರಿ ಬೆನ್ನ ಹಿಂದಿದ್ದ ದನಿ ಇಲ್ಲವಾಯಿತು. ಅಜ್ಜಿ ತಾಯಿಯನ್ನು ಹತ್ತೊಂಬತ್ತಕ್ಕೆ ಕಳೆದುಕೊಂಡಿದ್ದರು, ಮಗಳನ್ನು ತೊಂಬತ್ತೊಂದಕ್ಕೆ ಕಳೆದುಕೊಂಡರು. ಎರಡು ವರ್ಷದ ಮೇಲೆ, 2006ರ ಮಾರ್ಚಿನಲ್ಲಿ, ತಮ್ಮ ಗಾಯನದ ಎಪ್ಪತ್ತೈದನೆಯ ವರ್ಷದ ನೆಪದಲ್ಲಿ ಕೊನೆಯ ಸಲ ವೇದಿಕೆಯ ಮೇಲೆ ಹಾಡಿದರು.

2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಸಕಲ ಸರ್ಕಾರಿ ಗೌರವದೊಡನೆ ಕಳಿಸಿಕೊಡಲಾಯಿತು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನೇ ಇಡಲಾಯಿತು. ತಾಯಿ ಬಿಟ್ಟುಕೊಟ್ಟ ಕರ್ನಾಟಕ ಸಂಗೀತದ ತವರಿನಲ್ಲಿ ಹಿಂದುಸ್ತಾನಿ ಹಾಡಿದ ಮಗಳ ಹೆಸರಿನ ವಿಶ್ವವಿದ್ಯಾಲಯ! ಉಣಕಲ್ಲಿನಲ್ಲಿ ಅವರ ಹೆಸರಿನ ಗುರುಕುಲ ತಲೆಯೆತ್ತಿತು. ಗುರುವಿನ ಸನ್ನಿಧಿಯಲ್ಲೇ ಇದ್ದು ಕಲಿಯುವ ಹಳೆಯ ಕ್ರಮಕ್ಕಾಗಿ ಕಟ್ಟಿದ್ದು. ಅಲ್ಲಿಗೆ ಬರುವ ಹುಡುಗ ಹುಡುಗಿಯರು ಕಂದೀಲಿನ ಬೆಳಕಿನಲ್ಲಿ ನಿಲ್ದಾಣಕ್ಕೆ ನಡೆಯಬೇಕಿಲ್ಲ.

ಶುಕ್ರವಾರಪೇಟೆಯ ಮನೆಯನ್ನು ಸರ್ಕಾರ ದುರಸ್ತಿ ಮಾಡಿಸಿ 'ಗಂಗೋತ್ರಿ' ಎಂಬ ಸ್ಮಾರಕ ಮಾಡಿತು. ಧಾರವಾಡದ ಮಳೆ ಸ್ಮಾರಕ ಎಂದು ನೋಡುವುದಿಲ್ಲ. ಅದು ಶಿಥಿಲಗೊಂಡ ಸುದ್ದಿ ಆಮೇಲೆ ಪತ್ರಿಕೆಗಳಲ್ಲಿ ಬಂತು. ಮಕ್ಕಳನ್ನು ಕರೆದುಕೊಂಡು ಹೋಗುವವರು ಬಾಗಿಲು ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗುವುದು ಲೇಸು. ಕುಂದಗೋಳಕ್ಕೆ ಹೋಗುವುದಾದರೆ ಬಸ್ಸೂ ಇದೆ, ಆದರೆ ರೈಲೇ ಸರಿ. ಕಿಟಕಿ ಪಕ್ಕದ ಜಾಗ ಹಿಡಿಯಬೇಕು.